ಧರೆಪ್ಪ ಕಣಿಕೆಗೆ ಸೀರೆ ಉಡಿಸಿದ್ದು

"ಈ ವರ್ಷದಿಂದ ನಮ್ಮ ಹೊಲದಾಗ ಬಣವಿ ಒಟ್ಟೂದು ಬಂದ್!"

ಸಾಲೋಟಗಿಯ ಧರೆಪ್ಪ ಅಂಗಳದಲ್ಲಿ ನಿಂತು ಹೀಗೆ ಸಾರಿದಾಗ ಕೇಳಿಸಿಕೊಂಡವರು ಇಬ್ಬರೇ. ಒಂದು ಅವನ ಎಮ್ಮೆ, ಇನ್ನೊಂದು ಅವನ ಹೆಂಡತಿ ಸಾವಂತ್ರವ್ವ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ಸಾವಂತ್ರವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ಮತ್ತ ಕಣಿಕಿ ಎಲ್ಲಿ ಇಡ್ತೀರಿ? ತೆಲಿ ಮ್ಯಾಲೇನು?" ಎಂದಷ್ಟೇ ಕೇಳಿದಳು.

"ಮಷೀನ್ ತರಸ್ತೇನಿ! ಜ್ವಾಳದ ಕಣಿಕಿ ಎಲ್ಲಾ ಉರುಟ ಉಂಡಿ ಮಾಡಸ್ತೇನಿ. ಉಂಡಿ ಮ್ಯಾಲೆ ಬಲಿಯಂಥಾ ನೆಟ್ ಸುತ್ತಸ್ತೇನಿ. ಎಂಥಾ ಗಾಳಿ ಬರಲಿ, ಎಂಥಾ ಮಳಿ ಬರಲಿ, ಒಂದ ಎಸಳ ಉದರಂಗಿಲ್ಲ. ಇಂಡಿ ತಾಲೂಕಿನ ಮಂದಿ ಗಾಡಿ ಮಾಡ್ಕೊಂಡ ಬಂದು ನೋಡಬೇಕು, ಹಂಗ ಸುತ್ತಸ್ತೇನಿ!"

"ಹೋದ ವರ್ಷ ಬಣವಿಗೂ ಹಿಂಗ ಅಂದಿದ್ರಿ."

ಈ ಮಾತು ಚುಚ್ಚಿತು. ಚುಚ್ಚಬೇಕಾದದ್ದೇ. ಕಣಿಕೆಯನ್ನು, ಅಂದರೆ ಜೋಳದ ಒಣ ದಂಟನ್ನು, ಬಣವೆ ಒಟ್ಟುವ ಧರೆಪ್ಪನ ಕೈಚಳಕ ಸುತ್ತ ನಾಲ್ಕು ಹಳ್ಳಿಗೆ ಗೊತ್ತು. ಹೋದ ವರ್ಷ ಅವನು ಒಟ್ಟಿದ ಬಣವೆ ಯುಗಾದಿಯ ಹೊತ್ತಿಗೆ ಇಂಡಿಯ ಕಡೆ ವಾಲಿತು. ಬಸವ ಜಯಂತಿಯ ಹೊತ್ತಿಗೆ ಮನಸ್ಸು ಬದಲಿಸಿ ಸಿಂದಗಿಯ ಕಡೆ ವಾಲಿತು. ಮೊದಲ ಮಳೆ ಬಿದ್ದ ದಿನ ಎರಡೂ ತಾಲ್ಲೂಕಿಗೆ ಸಮನಾಗಿ ಹಂಚಿಹೋಯಿತು!

ಆದರೆ ಈಗಿನ ಧರೆಪ್ಪ ಆಗಿನ ಧರೆಪ್ಪನಲ್ಲ. ಮೇವಿನ ಬಗ್ಗೆ ಒಂದು ದಿನದ ತರಬೇತಿ ಪಡೆದು ಬಂದ ಧರೆಪ್ಪ! ಊಟಕ್ಕೆ ಮುಂಚಿನ ಅರ್ಧ ದಿನ ಕಣ್ಣು ಬಿಟ್ಟು ಕೇಳಿದ್ದ, ಊಟದ ನಂತರದ ಅರ್ಧ ದಿನ ಕಣ್ಣು ಮುಚ್ಚಿ ಕೇಳಿದ್ದ. ಎಚ್ಚರವಿದ್ದಾಗ ಕಿವಿಗೆ ಬಿದ್ದದ್ದು ಇಷ್ಟು: ಉಂಡೆಯ ಹೊದಿಕೆ ಈ ಅಂಚಿನಿಂದ ಆ ಅಂಚಿನವರೆಗೆ ಮುಚ್ಚಬೇಕು, ಭುಜ, ಅಂದರೆ ಎರಡು ಬದಿಯ ಮೂಲೆ, ಕಾಣಬಾರದು, ಎರಡು ಮೂರು ಸುತ್ತು ಬಿಗಿಯಾಗಿ ಬರಬೇಕು. ಇಷ್ಟನ್ನೇ ಇಟ್ಟುಕೊಂಡು ಅವನು ಊರ ಕಟ್ಟೆಯ ಮೇಲೆ ಒಂದು ವಾರ ಭಾಷಣ ಮಾಡಿದ. ಕಟ್ಟೆಯ ಮೇಲೆ ಕೂಡುವ ಮುದುಕರು ಆ ವಾರ ಜಾಗ ಬದಲಿಸಿದರು.

ಈ ಹುರುಪಿಗೆಲ್ಲ ನಿಜವಾದ ಕಾರಣ ಕಣಿಕೆಯಲ್ಲ, ಅಕ್ಕ. ಧರೆಪ್ಪನ ಅಕ್ಕ ಗೌರಾಬಾಯಿ, ಸಿಂದಗಿಯ ಕಡೆ ಮದುವೆಯಾಗಿ ಹೋದವಳು. ಚಿಕ್ಕಂದಿನಲ್ಲೇ ತಾಯಿ ಹೋದ ಮೇಲೆ ಧರೆಪ್ಪನಿಗೆ ಸ್ನಾನ ಮಾಡಿಸಿ, ರೊಟ್ಟಿ ತಿನ್ನಿಸಿ, ತಪ್ಪು ಮಾಡಿದಾಗ ನಾಲ್ಕು ಬಾರಿಸಿ ದೊಡ್ಡವನನ್ನಾಗಿ ಮಾಡಿದ್ದು ಅವಳೇ. ಆ ಅಕ್ಕ ತಮ್ಮನ ಮನೆಗೆ ಕಾಲಿಡದೆ ವರ್ಷಗಳಾಗಿದ್ದವು. ಕಾರಣ ಒಂದು ಸೀರೆ.

ಆಯೇರದ ಸೀರೆಯ ಕಥೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮದುವೆ, ಬಸುರಿಯ ಕುಬುಸ, ಹೊಸ ಮನೆಯ ವಾಸ್ತು, ಎಲ್ಲಿಗೆ ಹೋದರೂ ಬಂದ ಹೆಣ್ಣುಮಕ್ಕಳ ಉಡಿಗೆ ಒಂದು ಸೀರೆ ಬೀಳುತ್ತದೆ. ಅದನ್ನು ಯಾರೂ ಉಡುವುದಿಲ್ಲ. ಉಡಲಿ ಎಂದು ಯಾರೂ ಕೊಡುವುದೂ ಇಲ್ಲ! ಬಂದ ಸೀರೆ ಪ್ಲಾಸ್ಟಿಕ್ ಕವರು ಬಿಚ್ಚದೆ ಟ್ರಂಕಿಗೆ ಹೋಗುತ್ತದೆ. ಮುಂದಿನ ಮದುವೆ ಬಂದಾಗ, ಕವರಿನ ಬಾಯಿಂದ ಬೆರಳು ತೂರಿಸಿ ಸೀರೆಯ ಮೂಲೆಗೆ ಒಂದು ಬೊಟ್ಟು ಕುಂಕುಮ ಹಚ್ಚಿ, ಹೊಸದರ ಹಾಗೆ ಮುಂದಿನ ಮನೆಗೆ ದಾಟಿಸುತ್ತಾರೆ. ಕೊಟ್ಟವರಿಗೇ ತಿರುಗಿ ಹೋಗಬಾರದು, ಅಷ್ಟೇ ಕಾನೂನು. ಅದಕ್ಕೇ ಸಾವಂತ್ರವ್ವ ಟ್ರಂಕಿನ ಎಡಭಾಗಕ್ಕೆ ಗಂಡನ ಕಡೆಯಿಂದ ಬಂದವನ್ನೂ ಬಲಭಾಗಕ್ಕೆ ತವರಿನ ಕಡೆಯವನ್ನೂ ಇಡುತ್ತಿದ್ದಳು. ಎಡದವು ತವರಿಗೆ, ಬಲದವು ಗಂಡನ ಬಳಗಕ್ಕೆ!

ಒಮ್ಮೆ ಮಾತ್ರ ಕೈ ತಪ್ಪಿತು. ಗೌರಾಬಾಯಿಯ ಮಗಳ ಮದುವೆಯಲ್ಲಿ ಸಾವಂತ್ರವ್ವ ಆಯೇರ ಮಾಡಿದ ಸೀರೆಯ ಕವರನ್ನು ಗೌರಾಬಾಯಿ ಅಲ್ಲೇ ಬಿಚ್ಚಿದಳು. ಬದನೆಕಾಯಿ ಬಣ್ಣದ ಸೀರೆ, ಸೆರಗಿನ ತುಂಬ ನವಿಲು. ಮೂಲೆಯಲ್ಲಿ ಆಗಷ್ಟೇ ಇಟ್ಟ ಒಂದು ಬೊಟ್ಟು, ಅದರ ಪಕ್ಕ ಮೊದಲೇ ಇದ್ದ ಮೂರು ಕುಂಕುಮದ ಬೊಟ್ಟು. ಎಲ್ಲರೂ ಒಂದು ಬೊಟ್ಟು ಇಟ್ಟರೆ ಗೌರಾಬಾಯಿ ಮಾತ್ರ ಮೂರು ಇಡುವವಳು.

"ನಾ ಕೊಟ್ಟ ಸೀರಿ ನನಗಽ ಆಯೇರ ಮಾಡ್ಯಾಳ!" ಎಂದು ಅವಳು ಹಂದರದ ತುಂಬ ಕೇಳುವಂತೆ ಕೂಗಿದಳು. "ಇದನ್ನ ಭೀಮಾ ಹೊಳಿಗೆ ಬಿಡ್ತೇನಿ, ನಿಮ್ಮ ಹೊಸ್ತಲಾ ತುಳಿಯೂದಿಲ್ಲ!"

"ಇಂಡಿ ಪ್ಯಾಟ್ಯಾಗ ಹೊಸಾದು ತಂದೇನಿ, ನನ್ನ ಆಣಿ!" ಎಂದು ಸಾವಂತ್ರವ್ವ ಅತ್ತಳು.

ಸೀರೆ ಹೊಳೆ ಪಾಲಾಯಿತೆಂದು ಗೌರಾಬಾಯಿಯೇ ಬಳಗಕ್ಕೆಲ್ಲ ತಿಳಿಸಿದಳು. ಅಕ್ಕ ಬಾರದ ಹಬ್ಬಗಳಲ್ಲಿ ಧರೆಪ್ಪನಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅವನು ಫೋನು ಮಾಡಿದ, ಹೋಗಿ ಕಾಲು ಹಿಡಿದ, ಮತ್ತೆ ಫೋನು ಮಾಡಿದ. ಕೊನೆಗೆ ಒಂದು ದಿನ ಅಕ್ಕನ ಗಂಡ ಚಂದ್ರಾಮನೇ ಫೋನು ಮಾಡಿದ. "ಬೇಸ್ತವಾರ ನಿನ್ನ ಅಕ್ಕನ್ನ ಕರಕೊಂಡ ಬರ್ತೇನಿ. ಈ ಸಲ ನಿನ್ನ ಬಣವಿ ಯಾವ ಕಡೆ ಬಿದ್ದೈತಿ ಅದನ್ನೂ ನೋಡೂಣು!"

"ಬಣವಿ ಇಲ್ರಿ ಮಾವಾರ! ಉಂಡಿ! ಬಂದು ನೋಡ್ರಿ, ಸುತ್ತೂದಂದ್ರ ಏನಂತ ತೋರಸ್ತೇನಿ!" ಎಂದ ಧರೆಪ್ಪ, ಕಣ್ಣೊರೆಸಿಕೊಳ್ಳುತ್ತ.

ಅಕ್ಕ ಬರುವ ಹಿಂದಿನ ದಿನವೇ ಮಷೀನು ಬಂತು. ಇಂಡಿಯ ಇಜಾಜ ಟ್ರ್ಯಾಕ್ಟರಿನ ಹಿಂದೆ ಉಂಡೆ ಕಟ್ಟುವ ಯಂತ್ರ ಜೋಡಿಸಿಕೊಂಡು ಊರೂರು ತಿರುಗುವವನು. ಯಂತ್ರ ಹೊಲದಲ್ಲಿ ಬಿದ್ದ ಕಣಿಕೆಯನ್ನು ನುಂಗುತ್ತ ಹೋಗಿ ಹಿಂದಿನಿಂದ ಡ್ರಮ್ಮಿನಂಥ ಉಂಡೆಗಳನ್ನು ಒಂದೊಂದೇ ಉರುಳಿಸಿತು. ಧರೆಪ್ಪ ಮೊದಲ ಉಂಡೆಯ ಹತ್ತಿರ ಓಡಿದ. ನೋಡಿದರೆ ಉಂಡೆಗೆ ಬರೀ ಸುತಳಿ!

"ನೆಟ್ ಎಲ್ಲೈತೋ?"

"ಮುಗದೈತ್ರಿ ಕಾಕಾ. ಸೊಲ್ಲಾಪುರದಿಂದ ಬರಬೇಕು. ಸುತಳಿ ಗಟ್ಟಿ ಐತ್ರಿ, ಎಲ್ಲಾರಿಗೂ ಇದನ್ನ ಕಟ್ಟಿ ಕೊಡಾಕತ್ತೇನಿ. ಯಾರೂ ಅತ್ತಿಲ್ಲ."

"ಎಲ್ಲಾರೂ ತರಬೇತಿಗೆ ಹೋಗಿಲ್ಲ!"

ಸುತಳಿ ಕಟ್ಟಿದ ಉಂಡೆ ಈಗಷ್ಟೇ ನಿದ್ದೆಯಿಂದೆದ್ದವನ ತಲೆಯಂತೆ ಕಾಣುತ್ತಿತ್ತು. ನಾಲ್ಕೂ ಕಡೆ ಕಣಿಕೆ ಕೆದರಿಕೊಂಡಿತ್ತು. ಇದನ್ನು ಚಂದ್ರಾಮ ನೋಡಿದರೆ ಮುಂದಿನ ಹತ್ತು ವರ್ಷ ನಗುತ್ತಾನೆ. ಧರೆಪ್ಪ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದ. ಪಕ್ಕದ ಹೊಲದ ದಾಳಿಂಬೆ ಗಿಡಗಳಿಗೆ ಬಿಸಿಲು ತಾಗದಂತೆ ಹಳೆಯ ಸೀರೆ ಹೊದಿಸಿದ್ದರು. ಗಾಳಿಗೆ ಸೀರೆಗಳು ಹಾರಾಡುತ್ತಿದ್ದವು.

ಧರೆಪ್ಪನ ತಲೆಯಲ್ಲಿ ದೀಪ ಹತ್ತಿತು! ಸೀರೆಯ ಅಗಲ, ಉಂಡೆಯ ಉದ್ದಕ್ಕಿಂತ ಒಂದು ಗೇಣು ಹೆಚ್ಚು. ಅಂದರೆ ಅಂಚಿನಿಂದ ಅಂಚಿಗೆ ಮುಚ್ಚಿ ಭುಜವನ್ನೂ ಮುಚ್ಚುತ್ತದೆ. ಸೀರೆಯ ಉದ್ದ, ಉಂಡೆಗೆ ಎರಡೂವರೆ ಮೂರು ಸುತ್ತು. ತರಬೇತಿಯಲ್ಲಿ ಹೇಳಿದ್ದಕ್ಕೆ ಒಂದು ಎಳೆ ಆಚೆಯಿಲ್ಲ ಈಚೆಯಿಲ್ಲ! ಸೀರೆಯನ್ನು ಕಂಡುಹಿಡಿದವನು ಕಣಿಕೆಯ ಉಂಡೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಂಡುಹಿಡಿದಿರಬೇಕು ಎಂದು ಧರೆಪ್ಪನಿಗೆ ಖಾತ್ರಿಯಾಯಿತು.

ಸಾವಂತ್ರವ್ವ ಮನೆಯಲ್ಲಿರಲಿಲ್ಲ. ಗಂಡನ ಅಕ್ಕನ ಎದುರು ಒಬ್ಬಳೇ ನಿಲ್ಲಲು ಧೈರ್ಯ ಸಾಲದೆ, ತನ್ನ ತಮ್ಮನ ಹೆಂಡತಿ ಕೋಮಲಳನ್ನು ಬೆಂಬಲಕ್ಕೆ ಕರೆತರಲು ತವರಿಗೆ, ಬಸವನಬಾಗೇವಾಡಿಗೆ ಹೋಗಿದ್ದಳು. ಧರೆಪ್ಪ ಒಳ್ಳೆಯ ಗಂಡ. ಕೇಳದೆ ಏನನ್ನೂ ಮುಟ್ಟುವವನಲ್ಲ. ಫೋನು ಹಚ್ಚಿದ.

"ಮನ್ಯಾಗ ಸೀರಿ ಅದಾವೇನ? ಹೊಲಕ್ಕ ಬೇಕಾಗ್ಯಾವ."

"ಹಳೇ ಸೀರಿ ಒಂದೂ ಮುಟ್ಟಬ್ಯಾಡ್ರಿ!" ಎಂದಳು ಸಾವಂತ್ರವ್ವ. ಅವಳ ಹಿಂದೆ ತವರಿನ ಗದ್ದಲ ಕೇಳುತ್ತಿತ್ತು. "ಕೌದಿ ಹೊಲ್ಯಾಕ ಇಟ್ಟೇನಿ ಅವನ್ನ. ಕೇಳಸ್ತೇನು? ಹಳೇವು ಒಂದೂ ಮುಟ್ಟಬ್ಯಾಡ್ರಿ!"

"ಆತು. ಹಳೇವು ಮುಟ್ಟೂದಿಲ್ಲ."

ಗಂಡಸರು ಹೆಂಡತಿಯ ಮಾತು ಕೇಳುವುದಿಲ್ಲ ಎನ್ನುವವರು ಇಲ್ಲಿ ಗಮನಿಸಬೇಕು. ಧರೆಪ್ಪ ಮನೆಗೆ ಬಂದು ಕೌದಿಯ ಸೀರೆಗಳ ಗಂಟನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ನೇರವಾಗಿ ಟ್ರಂಕು ತೆಗೆದ. ಒಳಗೆ ಸಾಲು ಸಾಲು ಸೀರೆ, ಕವರು ಕೂಡ ಬಿಚ್ಚಿಲ್ಲ! ಅವನು ಕುಕ್ಕರಗಾಲಲ್ಲಿ ಕುಳಿತು ಶಾಂತವಾಗಿ ವಿಚಾರ ಮಾಡಿದ. ಸಾವಂತ್ರವ್ವ ಇವುಗಳಲ್ಲಿ ಒಂದನ್ನಾದರೂ ಉಟ್ಟದ್ದನ್ನು ಅವನು ಕಂಡಿದ್ದನೇ? ಇಲ್ಲ. ಪ್ರತಿ ಮದುವೆಯಿಂದ ಬಂದಾಗ ಅವಳು ಏನನ್ನುತ್ತಿದ್ದಳು? "ಇಂಥಾ ಸೀರಿ ಯಾರ ಉಡ್ತಾರ, ಹರಕ ಚಾಪಿಗೂ ಬರೂದಿಲ್ಲ" ಎನ್ನುತ್ತಿದ್ದಳು. ಹಾಗಾದರೆ ಈ ಮನೆಯಲ್ಲಿ ಬೇಕಾದವು ಹಳೆಯವು, ಬೇಡವಾದವು ಇವು. ಇಷ್ಟು ನೇರವಾದ ತರ್ಕ ಮಾಡಿದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡು, ಎಡದವನ್ನೂ ಬಲದವನ್ನೂ ಒಂದೇ ಚೀಲಕ್ಕೆ ತುಂಬಿ ಹೊಲಕ್ಕೆ ಹೊತ್ತ.

ಇಜಾಜ ಚೀಲದೊಳಗೆ ಇಣುಕಿ ಒಂದು ಹೆಜ್ಜೆ ಹಿಂದೆ ಸರಿದ.

"ಕಾಕಾ, ಇವು ಹೊಸಾವು ಕಾಣ್ತಾವಲ್ರಿ?"

"ಹೊಸಾವಲ್ಲೋ, ಉಡದ ಸೀರಿ. ಎರಡಕ್ಕೂ ಫರಕ್ ಐತಿ."

"ಕಾಕು ಬೈತಾರ ನೋಡ್ರಿ. ನಮ್ಮ ಅಮ್ಮಾನ ಟ್ರಂಕಿಗೆ ಕೈ ಹಾಕಿದ್ರ ನಮ್ಮಪ್ಪಗ ಆ ರಾತ್ರಿ ಊಟ ಇರೂದಿಲ್ಲ."

"ನಿಮ್ಮ ಕಾಕು ಹೇಳಿದ್ದನ್ನ ಮಾಡಾಕತ್ತೇನಿ! ನೀ ಆ ತುದಿ ಹಿಡಿ!"

ಶುರುವಾಯಿತು ನೋಡಿ ಕಣಿಕೆಯ ಸಿಂಗಾರ! ಸೀರೆಯನ್ನು ನೆಲಕ್ಕೆ ಹಾಸುವುದು, ಉಂಡೆಯನ್ನು ಅದರ ಮೇಲೆ ಉರುಳಿಸುವುದು, ಮೊಳಕಾಲು ಕೊಟ್ಟು ಜಗ್ಗುವುದು, ಎರಡು ಬದಿಯ ಅಂಚನ್ನು ಭುಜದ ಮೇಲೆ ಮಡಚಿ ಒಳಗೆ ತುರುಕುವುದು, ಸೆರಗು ಹೊರಗೆ ಕಾಣುವಂತೆ ಬಿಟ್ಟು ಸುತಳಿಯಿಂದ ಗಂಟು ಬಿಗಿಯುವುದು. ಗಂಟು ಜಾರಬಾರದೆಂದು ಧರೆಪ್ಪ ಅದಕ್ಕೆ ಕೋಲು ತೂರಿಸಿ ತಿರುವಿ ತಿರುವಿ ಬಿಗಿದ. "ಸಡಲ ಬಿಟ್ರ ನೀರ ಹೊಗತೈತಿ, ತಿಳೀತೇನು? ಇದು ವಿಜ್ಞಾನ!" ಎಂದ. ಇಜಾಜ ಕೊನೆಕೊನೆಗೆ ಮಾತಾಡುವುದನ್ನೇ ಬಿಟ್ಟ. ಸಂಜೆಯ ಹೊತ್ತಿಗೆ ರಸ್ತೆಯ ಪಕ್ಕ, ಮನೆಗೆ ಬರುವ ದಾರಿಯ ಗುಂಟ, ಸೀರೆ ಉಟ್ಟ ಉಂಡೆಗಳು ಎರಡು ಸಾಲಿನಲ್ಲಿ ನಿಂತವು. ಸೀರೆ ಸಾಲದೆ ಬರೀ ಸುತಳಿಯಲ್ಲೇ ಉಳಿದವನ್ನು ಯಾರಿಗೂ ಕಾಣದಂತೆ ಹಿಂದಕ್ಕೆ ತಳ್ಳಿದ್ದಾಯಿತು.

ಮರುದಿನ ಬೆಳಿಗ್ಗೆ ಬಿಸಿಲು ಬೀಳುತ್ತಲೇ ಧರೆಪ್ಪ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ಕೆಳಗೆ ಬರೆದ: "ಕಣಿಕೆ ಉಂಡೆ ಸರಿಯಾಗಿ ಸುತ್ತುವ ವಿಧಾನ. ಮಾಹಿತಿಗೆ ಸಂಪರ್ಕಿಸಿ." ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಂಪರ್ಕ ಬಂದೇ ಬಂತು. ಬಾಗೇವಾಡಿಯಿಂದ ಹೊರಟ ಬಸ್ಸಿನಿಂದ, ಕೋಮಲಳ ಫೋನಿನಲ್ಲಿ, ಸಾವಂತ್ರವ್ವ!

"ಏನ ಮಾಡೀರಿ ನೀವು?"

"ನೋಡಿದೇನ? ಹೆಂಗ ಐತಿ?"

"ಅವು ನನ್ನ ಆಯೇರ ಸೀರಿ!"

"ಹಳೇವು ಮುಟ್ಟಬ್ಯಾಡ್ರಿ ಅಂದಿ. ಒಂದೂ ಮುಟ್ಟಿಲ್ಲ, ನಿನ್ನ ಆಣಿ!"

ಬಸ್ಸಿನ ಸದ್ದಿನ ನಡುವೆ ಸಾವಂತ್ರವ್ವನ ದನಿ ಎಷ್ಟು ಮೆತ್ತಗೆ ಬಂತೆಂದರೆ ಧರೆಪ್ಪನಿಗೆ ಹೆದರಿಕೆಯಾಯಿತು.

"ಅದರಾಗ ಅಕ್ಕಾರ ವಾಸ್ತುಕ್ಕ ಕೊಟ್ಟ ಸೀರಿನೂ ಐತ್ರಿ. ಮೊದಲಽ ಒಂದು ಸೀರಿ ಸಂಬಂಧ ಸಿಟ್ಟಾಗ್ಯಾರ. ಈಗ ತಾವು ಕೊಟ್ಟ ಸೀರಿ ಎಮ್ಮಿ ಮೇವಿಗೆ ಸುತ್ತಿದ್ದು ಕಂಡ್ರ ಬಾಗಲದಾಗಿಂದಽ ಹೊಳ್ಳಿ ಹೋಗ್ತಾರ. ಮತ್ತ ಈ ಜನ್ಮದಾಗ ಬರಂಗಿಲ್ಲ. ಬಿಚ್ಚರಿ, ಅವರು ಬರೂದರಾಗ ಬಿಚ್ಚರಿ!"

ಮೊದಲ ಸಲ ಧರೆಪ್ಪನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಅಕ್ಕ! ಇಷ್ಟು ವರ್ಷ ಕಾದು, ಬೇಡಿ, ಕರೆಸಿಕೊಂಡ ಅಕ್ಕ! ಓಡಿಹೋಗಿ ಮೊದಲ ಉಂಡೆಯ ಗಂಟಿಗೆ ಕೈ ಹಾಕಿದ. ಗಂಟು ಬಿಚ್ಚಲಿಲ್ಲ. ಕೋಲಿನಿಂದ ತಿರುವಿ ಬಿಗಿದ ಗಂಟು ಅದು, ವಿಜ್ಞಾನದ ಗಂಟು! ಹಲ್ಲಿನಿಂದ ಕಚ್ಚಿ ಜಗ್ಗಿದ. ಕೊನೆಗೆ ಹೇಗೋ ಒಂದು ಸಡಿಲವಾಯಿತು. ಆದರೆ ಸೀರೆಯ ಬಿಗಿಗೆ ಹೊಂದಿಕೊಂಡಿದ್ದ ಉಂಡೆ ಒಮ್ಮೆಗೇ ಹಿಗ್ಗಿ, ಒಳಗಿನ ಸುತಳಿಯನ್ನೂ ಹರಿದುಕೊಂಡು, ಧರೆಪ್ಪನ ಮೈಮೇಲೆ ಬಿತ್ತು. ದಾರಿಯ ತುಂಬ ಕಣಿಕೆ. ಹೀಗೆ ಎಲ್ಲವನ್ನೂ ಬಿಚ್ಚಿದರೆ ಅಕ್ಕ ಮನೆಗೆ ಬರುವುದು ಕಣಿಕೆ ಈಜಿಕೊಂಡೇ!

"ಬಿಚ್ಚಾಕ ಬರವಲ್ದು!" ಎಂದು ಅವನು ಫೋನಿನಲ್ಲಿ ಗೋಗರೆದ. "ಭಾಳ ಚಲೋ ಸುತ್ತೇನಿ!"

"ನಿಮ್ಮ ಚಲೋತನಕ್ಕ ಬೆಂಕಿ ಹಚ್ಚ! ಅಕ್ಕಾರ ಕೊಟ್ಟದ್ದೊಂದಾದ್ರೂ ಬಚ್ಚಿಡ್ರಿ. ಗಿಳಿ ಹಸರ ಬಣ್ಣದ್ದು."

"ಹಸರು ನಾಕೈದು ಅದಾವ."

"ಗಿಳಿ ಹಸರ್ರಿ! ಎಲಿ ಹಸರಲ್ಲ, ಪಾಚಿ ಹಸರಲ್ಲ, ರಾಮಾ ಹಸರಲ್ಲ."

"ಹಸರಾಗ ಇಷ್ಟ ಜಾತಿ ಅದಾವೇನ?"

ಫೋನು ಕಟ್ಟಾಯಿತು. ಅಷ್ಟರಲ್ಲಿ ಮಷೀನು ಒಯ್ಯಲು ಇಜಾಜ ಬಂದ. ಧರೆಪ್ಪ ಅವನ ರಟ್ಟೆ ಹಿಡಿದುಕೊಂಡ.

"ಇಜಾಜ, ಇದರಾಗ ಗಿಳಿ ಯಾವದೋ?"

"ನನಗ ಟ್ರ್ಯಾಕ್ಟರಿನ ಬಣ್ಣ ಅಷ್ಟ ಗೊತ್ತು ಕಾಕಾ," ಎಂದ ಇಜಾಜ. "ಕೆಂಪು, ನೀಲಿ. ಮುಗೀತು."

ಇಬ್ಬರೂ ಸೇರಿ ಹಸಿರೆಂದು ಕಂಡ ಉಂಡೆಗಳನ್ನೆಲ್ಲ ದನದ ಕೊಟ್ಟಿಗೆಯ ಹಿಂದೆ ಉರುಳಿಸಿದರು. ಅನುಮಾನ ಬೇಡವೆಂದು ಒಂದು ನೀಲಿಯನ್ನೂ ಉರುಳಿಸಿದರು. ಈಗ ಮುಂದಿನ ಸಾಲಿನಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಂದು ಕಾಣತೊಡಗಿತು. ಧರೆಪ್ಪ ಇಂಥದ್ದನ್ನು ಸಹಿಸುವವನಲ್ಲ. ಹಿಂದಿನ ಸಾಲಿನಿಂದ ಎಲ್ಲಕ್ಕಿಂತ ಚಂದದ ಉಂಡೆಯೊಂದನ್ನು ಆರಿಸಿ ತಂದು, ಸರಿಯಾಗಿ ದಾರಿಯ ಬಾಯಿಗೆ, ಸೆರಗು ಮುಂದೆ ಮಾಡಿ ನಿಲ್ಲಿಸಿದ. ಬದನೆಕಾಯಿ ಬಣ್ಣ. ಸೆರಗಿನ ತುಂಬ ನವಿಲು!

ಸೀರೆಗಳ ವಿಷಯದಲ್ಲಿ ಧರೆಪ್ಪನ ನೆನಪು ಎಂಥದ್ದೆಂದರೆ, ತನ್ನ ಮನೆಯನ್ನು ಒಡೆದ ಸೀರೆಯನ್ನೇ ಎರಡೂ ಕೈಯಿಂದ ಉರುಳಿಸಿ ತಂದರೂ ಅವನಿಗೆ ಗುರುತು ಹತ್ತಲಿಲ್ಲ.

ಚಂದ್ರಾಮನ ಪಿಕಪ್ ಗಾಡಿ ಬಂದು ನಿಂತಿತು. ನಿಂಬೆಹಣ್ಣು ಹೇರುವ ಗಾಡಿ, ಅದರ ಮುಂದಿನ ಸೀಟಿನಿಂದ ಗೌರಾಬಾಯಿ ಇಳಿದಳು. ತಲೆಯ ಕೂದಲು ಬೆಳ್ಳಗಾಗಿತ್ತು. ಧರೆಪ್ಪನಿಗೆ ಹೇಳಬೇಕೆಂದು ತಯಾರು ಮಾಡಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು.

"ಅಕ್ಕಾ…"

"ಹಂಗ್ಯಾಕ ಕಂಬ ನಿಂತಂಗ ನಿಂತೀಯೋ? ಮೈತುಂಬ ಕಣಿಕಿ! ಸಣ್ಣಾಂವ ಇದ್ದಾಗಿನಂಗಽ ಅದೀ," ಎಂದಳು ಗೌರಾಬಾಯಿ. ಅವಳ ದನಿಯೂ ಒದ್ದೆಯಾಗಿತ್ತು. ತಮ್ಮನ ತಲೆಯಲ್ಲಿದ್ದ ಕಣಿಕೆ ತೆಗೆದಳು.

ಚಂದ್ರಾಮ ಮಾತ್ರ ಉಂಡೆಗಳನ್ನೇ ನೋಡುತ್ತಿದ್ದ. "ಇದೇನೋ ಧರೆಪ್ಪಾ, ಮೇವಿನ ಮದುವಿ ಮಾಡಾಕತ್ತೀಯೇನು? ಬೀಗರು ಎಲ್ಲಿ ಇಳದಾರ?"

ಗೌರಾಬಾಯಿ ನಗುತ್ತ ನಾಲ್ಕು ಹೆಜ್ಜೆ ಮುಂದೆ ನಡೆದಳು. ನಿಂತಳು. ನವಿಲುಗಳನ್ನು ನೋಡಿದಳು. ಬಗ್ಗಿ, ಸೆರಗಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದಳು. ಅಲ್ಲಿ ಮೂರು ಕುಂಕುಮದ ಬೊಟ್ಟು ಮಾಸಿಕೊಂಡಿದ್ದವು. ಅವುಗಳ ಪಕ್ಕದಲ್ಲಿ ಒಂದು. ಅದರ ಪಕ್ಕದಲ್ಲಿ ಮತ್ತೆ ಮೂರು. ಕೊನೆಯಲ್ಲಿ ಇನ್ನೊಂದು.

ಗೌರಾಬಾಯಿಯ ನಗು ಆರಿಹೋಯಿತು. ಸಿಡಿಲು ಈಗ ಬೀಳುತ್ತದೆ, ಇನ್ನೇನು ಬಿತ್ತು ಎಂದು ಧರೆಪ್ಪ ಕಣ್ಣು ಮುಚ್ಚಿ ನಿಂತ. ಬೀಳಲಿಲ್ಲ! ಒಂದು ಕಣ್ಣು ತೆರೆದು ನೋಡಿದ. ಅಕ್ಕ ಬಾಯಿ ತೆರೆದಿದ್ದಳು. ಮಾತು ಹೊರಡಲಿಲ್ಲ.

ಅಷ್ಟರಲ್ಲಿ ಟಂಟಂ ಆಟೋ ಇಳಿದು ಸಾವಂತ್ರವ್ವ ಮತ್ತು ಕೋಮಲ ಏದುಸಿರು ಬಿಡುತ್ತ ಓಡಿಬಂದರು. ಗಿಳಿಹಸಿರು ಎಲ್ಲೂ ಕಾಣದ್ದನ್ನು ನೋಡಿ ಸಾವಂತ್ರವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಗೌರಾಬಾಯಿ ಏನನ್ನು ಹಿಡಿದುಕೊಂಡಿದ್ದಾಳೆಂದು ನೋಡಿದಳು. ಅವಳ ಬಾಯಿಯೂ ತೆರೆಯಿತು. ಹಿಂದಿನಿಂದ ಇಣುಕಿದ ಕೋಮಲ ಕೂಡ ಬಾಯಿ ತೆರೆದವಳು ಗಪ್ಪನೆ ಮುಚ್ಚಿದಳು. ಮೂವರು ಹೆಂಗಸರು ಒಂದೆಡೆ ಸೇರಿಯೂ ಮಾತಿಲ್ಲ! ಸಾಲೋಟಗಿಯಲ್ಲಿ ಇಂಥ ಮೌನವನ್ನು ಯಾರೂ ಕಂಡವರಿಲ್ಲ.

ಧರೆಪ್ಪನಿಗೆ ಇದರ ಅರ್ಥ ಹೊಳೆಯಲಿಲ್ಲ, ನಿಮಗೆ ಹೇಳಿಬಿಡುತ್ತೇನೆ. ಮೊದಲ ಮೂರು ಬೊಟ್ಟು ಗೌರಾಬಾಯಿ ಸಾವಂತ್ರವ್ವನಿಗೆ ಕೊಟ್ಟಾಗಿನವು. ಪಕ್ಕದ ಒಂದು, ಸಾವಂತ್ರವ್ವ ಅದನ್ನೇ ಗೌರಾಬಾಯಿಗೆ ತಿರುಗಿ ಕೊಟ್ಟಾಗಿನದು. ಇಂಡಿ ಪೇಟೆಯಲ್ಲಿ ಹೊಸದು ತಂದದ್ದೆಂದು ಆಣೆ ಹಾಕಿದ್ದಳಲ್ಲ, ಅದು! ಮತ್ತೆ ಮೂರು ಬೊಟ್ಟು ಗೌರಾಬಾಯಿಯವೇ. ಭೀಮಾ ಹೊಳೆಗೆ ಬಿಟ್ಟೆನೆಂದು ಬಳಗಕ್ಕೆಲ್ಲ ಸಾರಿದವಳು, ಅದನ್ನು ಸದ್ದಿಲ್ಲದೆ ಬಾಗೇವಾಡಿಯ ಒಂದು ಮದುವೆಯಲ್ಲಿ ಕೋಮಲಳ ಉಡಿಗೆ ಹಾಕಿ ಬಂದಿದ್ದಳು. ಕೊನೆಯ ಬೊಟ್ಟು ಕೋಮಲಳದು. "ವಿಜಯಪುರದ ಅಂಗಡ್ಯಾಗ ನಿಮ್ಮ ಸಂಬಂಧನ ಆರಿಸಿ ತಂದೇನಿ ಅಕ್ಕಾ" ಎಂದು ಹೇಳಿ ಸಾವಂತ್ರವ್ವನಿಗೆ ಕೊಟ್ಟಿದ್ದಳು. ನವಿಲು ಮಡಿಕೆಯೊಳಗಿದ್ದುದರಿಂದ, ಕವರು ಬಿಚ್ಚುವ ಪದ್ಧತಿಯೂ ಇಲ್ಲದ್ದರಿಂದ ಸಾವಂತ್ರವ್ವ ಅದನ್ನು ಹಾಗೇ ಬಲಭಾಗಕ್ಕೆ ಇಟ್ಟಿದ್ದಳು. ಮೂವರೂ ಕಳ್ಳರು, ಮೂವರ ಕಳ್ಳಮಾಲೂ ಒಂದೇ! ಈಗ "ಇದು ನನ್ನ ಸೀರಿ" ಎಂದು ಯಾರು ಮೊದಲು ಬಾಯಿಬಿಟ್ಟರೂ ಸಿಕ್ಕಿಬೀಳುವವಳು ಅವಳೇ.

"ಯಾಕ ಎಲ್ಲಾರೂ ಸುಮ್ಮನಾದ್ರಿ?" ಎಂದ ಚಂದ್ರಾಮ ಹತ್ತಿರ ಬಂದು. "ಈ ನವಲಿನ ಸೀರಿ ಎಲ್ಲೋ ನೋಡಿದಂಗ ಐತಲ್ಲ…"

"ಇಲ್ಲ!" ಎಂದರು ಮೂವರೂ ಒಟ್ಟಿಗೆ.

ಗೌರಾಬಾಯಿ ಸೆರಗಿನ ಮೂಲೆಯನ್ನು ಉಂಡೆಯ ಒಳಗೆ ಆಳಕ್ಕೆ ತುರುಕಿದಳು. "ಎಷ್ಟ ಚಂದ ಸುತ್ತೀಯೋ ತಮ್ಮಾ! ಅಂಚಿಂದ ಅಂಚಿಗೆ!" ಎಂದಳು.

"ಹೌದ್ರಿ ಅಕ್ಕಾರ, ಎಷ್ಟ ಬಿಗಿ ಐತಿ ನೋಡ್ರಿ," ಎಂದಳು ಕೋಮಲ.

"ಎಲ್ಲಾ ಇವರದ ಬುದ್ಧಿ," ಎಂದಳು ಸಾವಂತ್ರವ್ವ, ಗಂಡನ ಕಡೆ ಸುಡುವ ಕಣ್ಣು ಬಿಟ್ಟು. "ಬರ್ರಿ ಅಕ್ಕಾರ, ಒಳಗ ಬರ್ರಿ. ಬಿಸಲಾಗ ಯಾಕ ನಿಂತೀರಿ?"

ವರ್ಷಗಟ್ಟಲೆ ಮುಖ ನೋಡದವರು ಕೈ ಕೈ ಹಿಡಿದು ಒಳಗೆ ಹೋದರು! ಧರೆಪ್ಪನ ಎದೆ ಅಗಲವಾಯಿತು. ಚಂದ್ರಾಮನನ್ನು ಎಳೆದುಕೊಂಡು ಹೋಗಿ ಒಂದೊಂದು ಉಂಡೆಯ ಮುಂದೆ ನಿಲ್ಲಿಸಿ, ಭುಜವೆಂದರೇನು, ಸುತ್ತೆಂದರೇನು, ಬಿಗಿಯೆಂದರೇನು ಎಂದು ಊಟದ ಕರೆ ಬರುವವರೆಗೂ ಬಿಡಿಸಿ ಹೇಳಿದ. ಅಡುಗೆಮನೆಯಿಂದ ಹೆಂಗಸರ ನಗು ಅಲೆ ಅಲೆಯಾಗಿ ಬರುತ್ತಿತ್ತು. ಅದೂ ತನ್ನ ಉಂಡೆಗಳ ಬಗ್ಗೆಯೇ ಎಂದು ಧರೆಪ್ಪ ಹಿಗ್ಗಿದ. ಅಕ್ಕ ಅವನ ತಾಟಿಗೆ ತನ್ನ ಕೈಯಿಂದಲೇ ಹೋಳಿಗೆ ಹಾಕಿದಳು. ಅವತ್ತು ಅದು ಸರಾಗವಾಗಿ ಗಂಟಲಿಗೆ ಇಳಿಯಿತು.

ಹೊರಡುವ ಹೊತ್ತು ಬಂತು. ಇಷ್ಟು ವರ್ಷಕ್ಕೆ ಬಂದ ಮನೆಮಗಳನ್ನು ಉಡಿಯಲ್ಲಿ ಸೀರೆಯಿಲ್ಲದೆ ಕಳಿಸುವುದುಂಟೇ? ಸಾವಂತ್ರವ್ವ ಟ್ರಂಕಿನ ಕಡೆ ಹೋಗಿ ಹಾಗೇ ತಿರುಗಿ ಬಂದಳು. ಟ್ರಂಕಿನಲ್ಲಿ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಅವಳ ಮುಖ ಸಪ್ಪಗಾಯಿತು.

"ಸೀರಿ ಬ್ಯಾಡವಾ," ಎಂದಳು ಗೌರಾಬಾಯಿ, ಅವಳ ಕೈ ಹಿಡಿದು. "ನಮ್ಮ ಮನ್ಯಾಗೂ ಎಮ್ಮಿ ಅದಾವ. ಒಂದು ಉಂಡಿ ಕೊಡ್ರಿ ಸಾಕು. ಆ ನವಲಿಂದು."

"ಅಯ್ಯ, ಅದನ್ನ ನಾ ಒಯ್ಯಬೇಕಂತ ಮಾಡಿದ್ದೆ ಅಕ್ಕಾರ!" ಎಂದಳು ಕೋಮಲ ಮುಂದೆ ಬಂದು.

"ನೀ ಬಸ್ಸಿನಾಗ ಹೋಗಾಕಿ. ಉಂಡಿ ತೊಡಿ ಮ್ಯಾಲೆ ಇಟ್ಕೊಂಡ ಹೋಗ್ತೀಯೇನ?"

"ಟಿಕೆಟ್ ತಗಸ್ತೇನ್ರಿ ಅದಕ್ಕ!"

ಇಬ್ಬರೂ ಉಂಡೆಯ ಎರಡು ಬದಿ ಹಿಡಿದರು. ತನ್ನ ಉಂಡೆಗಾಗಿ ಹೆಂಗಸರು ಕಿತ್ತಾಡುವ ದಿನವೂ ಬಂತಲ್ಲ ಎಂದು ಧರೆಪ್ಪನಿಗೆ ಮೈ ಜುಮ್ಮೆಂದಿತು. "ಜಗಳ ಬ್ಯಾಡ್ರಿ, ಜಗಳ ಬ್ಯಾಡ್ರಿ! ಇದರಂಥಾದ್ದು ಇನ್ನೊಂದು ಸುತ್ತಿ ಕೊಡ್ತೇನಿ!" ಎಂದ.

"ನೀ ಸುಮ್ಮ ಕೂಡ!" ಎಂದಳು ಅಕ್ಕ. ಉಂಡೆ ಪಿಕಪ್ ಏರಿತು. ಗೌರಾಬಾಯಿ ನವಿಲಿನ ಸೆರಗು ಕೆಳಮುಖ ಬರುವ ಹಾಗೆ ಅದನ್ನು ತಾನೇ ಹೊರಳಿಸಿ, ಮೇಲೆ ತಾಡಪತ್ರಿ ಹೊದಿಸಿದಳು.

ಗಾಡಿ ಹೊರಟಿತು. ಧರೆಪ್ಪನಿಗೆ ಒಂದು ಮಾತು ಕೇಳದೆ ಇರಲಾಗಲಿಲ್ಲ. ಚಂದ್ರಾಮನ ಎದುರಿಗೇ ಅಕ್ಕನ ಬಾಯಿಂದ ಇನ್ನೊಮ್ಮೆ ಬರಬೇಕೆಂದು ಕಿಟಕಿಯ ಪಕ್ಕದಲ್ಲಿ ಓಡಿದ.

"ಅಕ್ಕಾ, ಖರೇ ಹೇಳು! ನಾ ಉಂಡಿ ಸುತ್ತಿದ್ದು ಹೆಂಗ ಐತಿ?"

ಗೌರಾಬಾಯಿ ತಲೆ ಹೊರಗೆ ಹಾಕಿದಳು. ಅವಳಿಗೆ ನಗು ತಡೆಯಲಾಗಲಿಲ್ಲ.

"ಉಂಡಿ ಯಾರ ನೋಡ್ಯಾರೋ ಹುಚ್ಚಾ! ಮುಂದಿನ ತಿಂಗಳ ಬರ್ತೇನಿ, ಆಗ ನೋಡ್ತೇನಿ!"

ಧೂಳೆಬ್ಬಿಸಿಕೊಂಡು ಗಾಡಿ ಹೋಯಿತು. ಯಾರೂ ನೋಡಲಿಲ್ಲವೇ? ಹಾಗಾದರೆ ಆ ಹೊಗಳಿಕೆ? ಆ ಕಿತ್ತಾಟ? ಧರೆಪ್ಪ ದಾರಿಯ ನಡುವೆ ಪೆಚ್ಚಾಗಿ ನಿಂತ. ಆದರೆ ಅಕ್ಕ ಮುಂದಿನ ತಿಂಗಳು ಬರುತ್ತಾಳಂತೆ! ಕರೆಯದೆ, ಕಾಲು ಹಿಡಿಯದೆ, ತಾನಾಗಿಯೇ ಬರುತ್ತಾಳಂತೆ! ಅವನಿಗೆ ದುಃಖವೋ ಸಂತೋಷವೋ ತಿಳಿಯದೆ ಕಣ್ಣು ತುಂಬಿ ಹರಿಯತೊಡಗಿತು. ಒರೆಸಿಕೊಳ್ಳಲು ಹೆಗಲ ಮೇಲೆ ಟವೆಲ್ಲಿರಲಿಲ್ಲ. ಪಕ್ಕದಲ್ಲೇ ಇದ್ದ ಕೆಂಪು ಉಂಡೆಯ ಸೆರಗನ್ನು ಎಳೆದು ಮುಖಕ್ಕೆ ಹಿಡಿದ.

"ಏ, ಏ, ಅದಕ್ಕ ಒರಸಬ್ಯಾಡ್ರಿ!" ಎಂದು ಸಾವಂತ್ರವ್ವ ಬಾಗಿಲಿನಿಂದಲೇ ಕಿರುಚಿದಳು. "ಐತವಾರ ಮದುವ್ಯಾಗ ಆಯೇರ ಕೊಡೂದೈತಿ ಅದನ್ನ!"